ನೀಲ್ಸ್ ಬೋರ್ ಲಾಂಛನದ ಕೆಂಪು–ಕಪ್ಪು ಚಕ್ರ ಏನು ಹೇಳುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಭೌತವಿಜ್ಞಾನಿ ನೀಲ್ಸ್ ಬೋರ್ ತಮ್ಮ ಸ್ವಂತ ಲಾಂಛನದಲ್ಲಿ ಚೀನಾದ ಯಿನ್–ಯಾಂಗ್ ಚಕ್ರವನ್ನು ಇಟ್ಟುಕೊಂಡಿದ್ದರು, ಕ್ವಾಂಟಮ್ ಸಿದ್ಧಾಂತವನ್ನು ಅವರು ಪೂರ್ವದೇಶಗಳ ತತ್ತ್ವಶಾಸ್ತ್ರದಿಂದಲೇ ಪಡೆದರು ಎಂಬ ಸಂದೇಶವೊಂದು ಮೊಬೈಲಿನಲ್ಲಿ ಓಡಾಡುತ್ತಿದೆ. ಇದು ನಿಜವೇ? ಆ ಲಾಂಛನದ ಸುತ್ತ ಇರುವ ಆನೆಗಳು ಭಾರತದಿಂದ ಹೋದವೇ? ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಮಕ್ಕಳಿಂದ ಈ ಲಾಂಛನವನ್ನು ಬರೆಸಬೇಕೆಂದಿದ್ದೇನೆ. ಅದರ ಕೆಳಗೆ ಏನು ಬರೆಸಲಿ?

ಉತ್ತರ: ಸಂದೇಶದ ಮೊದಲರ್ಧ ನಿಜ, ಎರಡನೆಯ ಅರ್ಧ ತಪ್ಪು. ಎಲ್ಲಿ ತಪ್ಪಿದೆ ಎಂದು ತಿಳಿಯಲು ಮೂರು ಇಸವಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಒಂದರ ಜೊತೆ ಒಂದು ಕೂಡದ ಎರಡು ವಿವರಣೆಗಳು ಸೇರಿದಾಗಲೇ ತಿಳಿವು ಪೂರ್ತಿಯಾಗುತ್ತದೆ ಎಂಬ ತಮ್ಮ ಪೂರಕತ್ವದ ವಿಚಾರವನ್ನು ಬೋರ್ ಮೊದಲು ಸಭೆಯ ಮುಂದೆ ಇಟ್ಟದ್ದು 1927ರಲ್ಲಿ, ಇಟಲಿಯ ಕೊಮೊ ಊರಿನಲ್ಲಿ. ಅವರು ಹೆಂಡತಿ ಮಾರ್ಗರೆಟ್ ಮತ್ತು ಮಗ ಹಾನ್ಸ್ ಜೊತೆ ಚೀನಾಕ್ಕೆ ಹೋದದ್ದು 1937ರಲ್ಲಿ. ಯಿನ್–ಯಾಂಗ್ ಚಕ್ರ ಅವರ ಲಾಂಛನದ ಗುರಾಣಿಯ ಮೇಲೆ ಬಂದದ್ದು 1947ರಲ್ಲಿ. ವಿಚಾರ ಮೊದಲು, ಪ್ರಯಾಣ ಆಮೇಲೆ, ಚಿಹ್ನೆ ಕೊನೆಗೆ. ಸಂದೇಶ ಬರೆದವರು ಈ ಸಾಲನ್ನು ತಿರುವುಮುರುವು ಮಾಡಿದ್ದಾರೆ. ಬೋರ್ ಆ ಚಕ್ರದಿಂದ ಭೌತಶಾಸ್ತ್ರವನ್ನು ಕಲಿಯಲಿಲ್ಲ. ಇಪ್ಪತ್ತು ವರ್ಷ ತಾವು ಹೊತ್ತು ತಿರುಗಿದ ಒಂದು ವಿಚಾರಕ್ಕೆ ಚಿತ್ರ ಬೇಕಾದಾಗ ಆ ಚಕ್ರವನ್ನು ಆರಿಸಿಕೊಂಡರು. ಯಾಕೆ ಬೇಕಾಯಿತು, ಅದನ್ನೇ ಯಾಕೆ ಆರಿಸಿಕೊಂಡರು ಎಂಬುದು ನನಗೆ ಬಹಳ ಪ್ರಿಯವಾದ ಕಥೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಲಾಂಛನ ಎಂದರೆ ನಮ್ಮ ಮನಸ್ಸಿಗೆ ಬರುವುದು ರಾಜಮನೆತನ. ಬಾದಾಮಿ ಚಾಲುಕ್ಯರ ವರಾಹ, ಮೈಸೂರು ಒಡೆಯರ ಗಂಡಭೇರುಂಡ. ಅವು ವಂಶದವು, ರಾಜ್ಯದವು. ಯುರೋಪಿನಲ್ಲಿ ಇದಕ್ಕೆ ಇನ್ನೊಂದು ಕವಲೂ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಶಿರಸ್ತ್ರಾಣ ಮುಖವನ್ನು ಮುಚ್ಚುತ್ತಾ ಬಂದಾಗ, ಕುದುರೆಯ ಮೇಲಿರುವವನು ಯಾರೆಂದು ಗುರುತಿಸಲು ಗುರಾಣಿಯ ಮೇಲಿನ ಬಣ್ಣ ಮತ್ತು ಚಿತ್ರ ನೆರವಾದವು. ಫ್ರಾನ್ಸಿನ ಆಂಜೂ ಪ್ರಾಂತದ ಜೆಫ್ರಿ 1151ರಲ್ಲಿ ತೀರಿಕೊಂಡ. ಅವನ ಸಮಾಧಿಗೆಂದು ಮಾಡಿದ ಎನಾಮೆಲ್ ಫಲಕದಲ್ಲಿ ನೀಲಿ ಗುರಾಣಿಯ ಮೇಲೆ ಚಿನ್ನದ ಸಿಂಹಗಳಿವೆ. ಇಂಥ ಗುರುತುಗಳ ಪೈಕಿ ಇಂದಿಗೂ ಉಳಿದಿರುವ ತೀರ ಹಳೆಯವುಗಳಲ್ಲಿ ಅದೂ ಒಂದು. ಯುದ್ಧಭೂಮಿಯ ಈ ಗುರುತು ಕ್ರಮೇಣ ವ್ಯಕ್ತಿಯ ಸ್ವತ್ತಾಯಿತು, ತಂದೆಯಿಂದ ಮಗನಿಗೆ ಹೋಯಿತು, ಮುದ್ರೆಯ ಮೇಲೂ ಮನೆಯ ಬಾಗಿಲ ಮೇಲೂ ಕೂತಿತು. ಅದಕ್ಕೆ ನಿಯಮಗಳೂ ಹುಟ್ಟಿದವು. ಚಿನ್ನ, ಬೆಳ್ಳಿ ಎರಡು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಕೂರಬಾರದು, ಬಣ್ಣದ ಮೇಲೆ ಬಣ್ಣ ಕೂರಬಾರದು. ದೂರದಿಂದ ನೋಡಿದವನಿಗೆ ಚಿತ್ರ ಎದ್ದು ಕಾಣಬೇಕೆಂಬ ಯೋಧನ ಅವಸರವೇ ಈ ನಿಯಮದ ಬೇರು. ಊರ ಹೆಸರಿನ ಫಲಕವನ್ನು ಹಳದಿ ಮೇಲೆ ಕಪ್ಪಿನಲ್ಲಿ ಬರೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೋರ್ ಇಂಥ ಮನೆತನದವರಲ್ಲ. ತಂದೆ ಕೋಪನ್‌ಹೇಗನ್ನಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರು. ತಾತ ಮುತ್ತಾತಂದಿರು ಗುರಾಣಿ ಹಿಡಿದವರಲ್ಲ. 1947ರ ಅಕ್ಟೋಬರ್‌ನಲ್ಲಿ ಬೋರ್ ಅವರಿಗೆ ಡೆನ್ಮಾರ್ಕಿನ ರಾಜ ಒಂಬತ್ತನೆಯ ಫ್ರೆಡರಿಕ್ 'ಆನೆಯ ಗೌರವ' ಎಂಬ ದೇಶದ ಅತ್ಯುನ್ನತ ಪದವಿ ಕೊಟ್ಟರು. ಅದು ಸಾಮಾನ್ಯವಾಗಿ ರಾಜವಂಶಗಳಿಗೆ, ಬೇರೆ ದೇಶಗಳ ಮುಖ್ಯಸ್ಥರಿಗೆ ಸಲ್ಲುವಂಥದ್ದು. ವಿದ್ವತ್ತಿಗಾಗಿ ಪಡೆದವರು ಬೆರಳೆಣಿಕೆಯಷ್ಟು. ಮಂಗೋಲಿಯದ ಓರ್ಖೋನ್ ಕಣಿವೆಯ ತುರ್ಕಿ ಶಾಸನಗಳನ್ನು ಓದಿ ಬಿಡಿಸಿದ ಭಾಷಾವಿಜ್ಞಾನಿ ವಿಲ್ಹೆಲ್ಮ್ ಥಾಮ್ಸೆನ್ 1912ರಲ್ಲಿ ಅದನ್ನು ಪಡೆದಿದ್ದರು. ಈ ಪದವಿ ಪಡೆದವರ ಲಾಂಛನವನ್ನು ಫಲಕದ ಮೇಲೆ ಬರೆಸಿ ಹಿಲ್ಲೆರೋಡ್ ಊರಿನ ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಚರ್ಚಿನಲ್ಲಿ ತೂಗುಹಾಕುವುದು ಸಂಪ್ರದಾಯ. ರಾಜರಿಗೆ ತೊಂದರೆಯಿಲ್ಲ, ಅವರದು ಸಿದ್ಧವಾಗಿಯೇ ಇರುತ್ತದೆ. ಬೋರ್ ಮುಂದೆ ಇದ್ದದ್ದು ಖಾಲಿ ಗುರಾಣಿ.

ಈ ಖಾಲಿ ಗುರಾಣಿಯೇ ನನಗೆ ಇಡೀ ಪ್ರಸಂಗದ ಮುಖ್ಯ ವಿಷಯ. ಹಿರಿಯರಿಂದ ಬಂದ ಲಾಂಛನ ಆ ವ್ಯಕ್ತಿಯ ಬಗ್ಗೆ ಏನನ್ನೂ ಹೇಳಬೇಕೆಂದಿಲ್ಲ. ಐಸಾಕ್ ನ್ಯೂಟನ್ನರ ಲಾಂಛನವನ್ನು ನೋಡಿ: ಕಪ್ಪು ಗುರಾಣಿಯ ಮೇಲೆ ಅಡ್ಡಡ್ಡ ಇಟ್ಟ ಎರಡು ಕಾಲೆಲುಬುಗಳು. ಸಾವಿನ ಧ್ಯಾನ, ರಸವಿದ್ಯೆಯ ಗುಟ್ಟು ಎಂದೆಲ್ಲ ಅದಕ್ಕೆ ಅರ್ಥ ಹಚ್ಚುವವರಿದ್ದಾರೆ. ಅದು ನ್ಯೂಟನ್ ಎಂಬ ಹೆಸರಿನ ಹಳೆಯ ಮನೆತನದ್ದು, ಅವರು ಕಲ್ಪಿಸಿದ್ದಲ್ಲ. ಸ್ವತಃ ಆರಿಸಿಕೊಂಡ ಲಾಂಛನದ ಮಾತು ಬೇರೆ. ಅಲ್ಲಿ ಮನುಷ್ಯ ತಾನು ಯಾವುದರಿಂದ ಗುರುತಿಸಲ್ಪಡಬೇಕು ಎಂದು ಯೋಚಿಸಲೇಬೇಕಾಗುತ್ತದೆ. ಬೋರ್ ಕೈಯಲ್ಲಿ ಬೇಕಾದಷ್ಟು ವಿಷಯವಿತ್ತು. 1913ರ ಪರಮಾಣು ಮಾದರಿ ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲಿ ಇತ್ತು, 1922ರ ನೊಬೆಲ್ ಅದಕ್ಕೇ ಬಂದಿತ್ತು. ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನಿನ ಕಕ್ಷೆಗಳು: ಗುರಾಣಿಗೆ ಹೇಳಿ ಮಾಡಿಸಿದ ಚಿತ್ರ. ಅವರು ಅದನ್ನು ಬಿಟ್ಟರು. ಬೆಳ್ಳಿಯ ಬಯಲಿನ ಮೇಲೆ ಕೆಂಪು–ಕಪ್ಪಿನ ಒಂದು ಚಕ್ರ, ಜೊತೆಗೆ ಒಂದು ಲ್ಯಾಟಿನ್ ವಾಕ್ಯ, ಇಷ್ಟೇ ಸಾಕೆಂದರು.

ಚಕ್ರಕ್ಕೆ ಬರುವ ಮುನ್ನ ನಿಮ್ಮ ಆನೆಯ ಪ್ರಶ್ನೆ. ಗುರಾಣಿಯನ್ನು ಸುತ್ತುವರಿದಿರುವುದು ಆ ಪದವಿಯ ಕೊರಳಹಾರ. ಒಂದು ಆನೆ, ಒಂದು ಗೋಪುರ, ಮತ್ತೆ ಆನೆ, ಮತ್ತೆ ಗೋಪುರ ಎಂದು ಚಿನ್ನದಲ್ಲಿ ಪೋಣಿಸಿದ್ದು. ಪದಕವೂ ಆನೆಯೇ. ಚಿನ್ನದ ಮೈಗೆ ಬಿಳಿ ಎನಾಮೆಲ್, ಬೆನ್ನ ಮೇಲೆ ನೀಲಿ ಜೂಲು, ಅದರ ಮೇಲೆ ಗಾರೆ ಕಟ್ಟಡದಂತೆ ಕಾಣುವ ಗೋಪುರ, ಕತ್ತಿನ ಮೇಲೆ ಈಟಿ ಹಿಡಿದ ಮಾವುತ. ಜಂಬೂಸವಾರಿ ನೋಡಿದ ಕಣ್ಣಿಗೆ ಅದು ಅಂಬಾರಿಯಾಗಿಯೇ ಕಾಣುತ್ತದೆ. ಡೇನಿಷರು ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ 1845ರವರೆಗೆ ಇದ್ದರು, ಅಲ್ಲಿಂದಲೇ ಆನೆ ಹೋಗಿರಬೇಕು ಎಂದು ಊಹಿಸುವುದು ಸಹಜ. ಆದರೆ ಈ ಗೌರವಪದವಿಯ ಮೂಲ ಹದಿನೈದನೆಯ ಶತಮಾನದ ರಾಜ ಒಂದನೆಯ ಕ್ರಿಶ್ಚಿಯನ್‌ನ ಕಾಲಕ್ಕೆ ಹೋಗುತ್ತದೆ. ಈಗಿನ ಕಟ್ಟಳೆಗಳ ತಳಹದಿ 1693ರದು. ತರಂಗಂಬಾಡಿಯ ಕೋಟೆ ಏಳುವುದಕ್ಕೆ ಒಂದೂವರೆ ಶತಮಾನ ಮೊದಲೇ ಯುರೋಪಿನವರು ಆನೆಯನ್ನು ಬಲ, ಶುಚಿತ್ವಗಳ ಸಂಕೇತವಾಗಿ ಬಳಸುತ್ತಿದ್ದರು. ಬೆನ್ನ ಮೇಲೆ ಗೋಪುರ ಹೊತ್ತ ಆನೆ ಅವರ ಹಸ್ತಪ್ರತಿಗಳಲ್ಲಿ ಆಗಲೇ ಇತ್ತು. ಇಲ್ಲಿಯೂ ನೋಡಿ, ಇಸವಿಗಳನ್ನು ಸಾಲಾಗಿ ಇಟ್ಟರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ಆನೆಗಳು ರಾಜರು ಕೊಟ್ಟವು. ಚಕ್ರ ಮಾತ್ರ ಬೋರ್ ಅವರ ಸ್ವಂತ ಮಾತು.

ಚೀನೀ ಭಾಷೆಯಲ್ಲಿ ಯಿನ್ ಎಂದರೆ ಮೊದಲಿಗೆ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಎಂದರೆ ಬಿಸಿಲಿನ ಮಗ್ಗುಲು. ಬೆಟ್ಟ ಒಂದೇ. ಬಿಸಿಲು ಸರಿದಂತೆ ಮಗ್ಗುಲುಗಳೂ ಬದಲಾಗುತ್ತವೆ. ಇದು ಚಕ್ರದ ಚಿತ್ರವಾಗಿ ರೂಪುಗೊಳ್ಳಲು ಬಹಳ ಕಾಲ ಹಿಡಿಯಿತು. ಹನ್ನೊಂದನೆಯ ಶತಮಾನದ ಝೌ ಡುನ್‌ಯಿ ಎಂಬ ಚಿಂತಕ ಬರೆದ ರೇಖಾಚಿತ್ರದ ವಿವರಣೆ ಇದರ ಮುಖ್ಯ ಮೆಟ್ಟಿಲು. ಎರಡು ಮೀನುಗಳು ಒಂದರ ಹಿಂದೊಂದು ಸುತ್ತುವಂತೆ ಕಾಣುವ ರೂಪ ಇನ್ನೂ ತಡವಾಗಿ ಬಂತು. ನಾವು ಸಾಮಾನ್ಯವಾಗಿ ನೋಡುವುದು ಕಪ್ಪು–ಬಿಳುಪಿನ ಚಕ್ರ, ಬೋರ್ ಅವರದು ಕೆಂಪು–ಕಪ್ಪು. ಬಿಳಿ ಎಂದರೆ ಲಾಂಛನದ ಲೆಕ್ಕದಲ್ಲಿ ಬೆಳ್ಳಿ. ಬೆಳ್ಳಿಯ ಬಯಲಿನ ಮೇಲೆ ಬೆಳ್ಳಿಯ ಅರ್ಧಚಕ್ರ ಕರಗಿಹೋಗುತ್ತದೆ, ನಿಯಮವೂ ಮುರಿಯುತ್ತದೆ. ಕೆಂಪು, ಕಪ್ಪು ಎರಡೂ ಬೆಳ್ಳಿಯ ಮೇಲೆ ಸಮನಾಗಿ ನಿಲ್ಲುತ್ತವೆ. ಇದರಿಂದ ಒಂದು ಲಾಭವೂ ಆಯಿತು. ಕಪ್ಪು–ಬಿಳುಪು ಎಂದೊಡನೆ ನಮಗೆ ಕತ್ತಲೆ–ಬೆಳಕು, ಕೆಟ್ಟದ್ದು–ಒಳ್ಳೆಯದು ನೆನಪಾಗುತ್ತವೆ. ಕೆಂಪು–ಕಪ್ಪಿನಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈಗ ಭೌತಶಾಸ್ತ್ರ. ಒಂದು ಪರದೆಯಲ್ಲಿ ಕೂದಲೆಳೆಗಿಂತ ಕಿರಿದಾದ ಎರಡು ಸೀಳುಗಳಿವೆ ಎಂದುಕೊಳ್ಳಿ. ಅವುಗಳ ಆಚೆ ಒಂದು ಫಲಕ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ, ಒಂದು ಸೇರಿದ ಮೇಲೆ ಇನ್ನೊಂದು ಎಂಬಂತೆ ಬಿಡುತ್ತೇವೆ. ಪ್ರತಿಯೊಂದೂ ಫಲಕದ ಮೇಲೆ ಒಂದು ಚುಕ್ಕೆ ಮೂಡಿಸುತ್ತದೆ. ಚುಕ್ಕೆ ಎಂದರೆ ಕಣ, ಅನುಮಾನವಿಲ್ಲ. ಹತ್ತು ಚುಕ್ಕೆ, ನೂರು ಚುಕ್ಕೆ, ಎಲ್ಲೆಲ್ಲೋ ಬಿದ್ದಂತೆ ಕಾಣುತ್ತವೆ. ಸಾವಿರಾರು ಚುಕ್ಕೆಗಳಾದಾಗ ದಟ್ಟ ಪಟ್ಟಿ, ಖಾಲಿ ಪಟ್ಟಿ, ಮತ್ತೆ ದಟ್ಟ ಪಟ್ಟಿ ಹೀಗೆ ಅಚ್ಚುಕಟ್ಟಾದ ಸಾಲುಗಳು ಎದ್ದುಬರುತ್ತವೆ. ಕೆರೆಯಲ್ಲಿ ಎರಡು ಕಲ್ಲು ಒಟ್ಟಿಗೆ ಎಸೆದಾಗ ಅಲೆಗಳು ಕೂಡಿ, ಕಳೆದು ಮಾಡುವ ವಿನ್ಯಾಸ ಅದೇ. ಪಟ್ಟಿ ಎಂದರೆ ಅಲೆ, ಅದರಲ್ಲೂ ಅನುಮಾನವಿಲ್ಲ. ಜಪಾನಿನ ಅಕಿರಾ ತೊನೊಮುರ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಸೀಳಿನ ಕೆಲಸವನ್ನೇ ಮಾಡುವ ಉಪಕರಣವನ್ನು ಹಾದು, ಈ ಪಟ್ಟಿಗಳು ಚುಕ್ಕೆ ಚುಕ್ಕೆಯಾಗಿ ಕಟ್ಟಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಮಕ್ಕಳಿಗೆ ಆ ಚಿತ್ರಗಳನ್ನು ತಪ್ಪದೆ ತೋರಿಸಿ.

ಇನ್ನು, ಎಲೆಕ್ಟ್ರಾನ್ ಯಾವ ಸೀಳಿನಿಂದ ಬಂತು ಎಂದು ತಿಳಿಯುವ ಹಟ ಹಿಡಿದು ಸೀಳಿನ ಬಳಿ ಒಂದು ಪತ್ತೆಸಾಧನ ಇಟ್ಟೆವೆನ್ನಿ. ದಾರಿ ತಿಳಿಯುತ್ತದೆ, ಪಟ್ಟಿಗಳು ಮಾಯವಾಗುತ್ತವೆ. ದಾರಿ ಅರೆಬರೆ ತಿಳಿದರೆ ಪಟ್ಟಿಗಳೂ ಅರೆಬರೆ ಮಸುಕಾಗುತ್ತವೆ. ಎರಡನ್ನೂ ಪೂರ್ತಿಯಾಗಿ ಒಂದೇ ಏರ್ಪಾಟಿನಲ್ಲಿ ಪಡೆಯಲಾಗದು. ಉಪಕರಣ ಕಳಪೆ ಎಂಬ ಕಾರಣಕ್ಕಲ್ಲ. ಒಂದನ್ನು ತೋರಿಸುವ ಏರ್ಪಾಟು ಇನ್ನೊಂದನ್ನು ತೋರಿಸುವ ಏರ್ಪಾಟಿಗೆ ಜಾಗವನ್ನೇ ಬಿಡುವುದಿಲ್ಲ. ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಣವೆಂದು ತೋರಿಸಿದವರು, ಅವರ ಮಗ ಜಿ. ಪಿ. ಥಾಮ್ಸನ್ ಅದು ಅಲೆಯಂತೆ ಬಾಗುವುದನ್ನು ತೋರಿಸಿದವರು. ತಂದೆಗೆ 1906ರಲ್ಲಿ, ಮಗನಿಗೆ 1937ರಲ್ಲಿ ನೊಬೆಲ್ ಬಂತು. ಇಬ್ಬರ ಮಾತೂ ಸರಿ. 1927ರ ಆರಂಭದಲ್ಲಿ ನಾರ್ವೆಯ ಹಿಮದಲ್ಲಿ ಸ್ಕೀಯಿಂಗ್ ಮಾಡುತ್ತಾ ಬೋರ್ ತಲೆಯಲ್ಲಿ ಹಣ್ಣಾದದ್ದು ಈ ವಿಚಾರ: ಅಲೆಯೋ ಕಣವೋ ಎಂದು ತೀರ್ಪು ಕೊಡುವ ಅಗತ್ಯವಿಲ್ಲ, ಒಂದರ ಜೊತೆ ಒಂದು ಕೂಡದ ಈ ಎರಡು ವಿವರಣೆಗಳು ಸೇರಿದಾಗಲೇ ನಮಗೆ ತಿಳಿಯಬಹುದಾದದ್ದೆಲ್ಲ ತಿಳಿದಂತಾಗುತ್ತದೆ.

ಈ ವಿಚಾರಕ್ಕೆ ಚಕ್ರ ಎಷ್ಟು ಒಪ್ಪುತ್ತದೆ? ಒಂದು ಕಡೆ ಬಹಳ ಚೆನ್ನಾಗಿ ಒಪ್ಪುತ್ತದೆ. ಮಕ್ಕಳು ಅದನ್ನು ಬರೆಯುವಾಗ ಗಮನಿಸಿ: ವೃತ್ತವನ್ನು ಎರಡು ಭಾಗ ಮಾಡುವುದು ಒಂದೇ ಬಾಗುಗೆರೆ. ಕೆಂಪಿನ ಅಂಚು ಯಾವುದೋ ಕಪ್ಪಿನ ಅಂಚೂ ಅದೇ. ಕೆಂಪು ಉಬ್ಬಿದಲ್ಲಿ ಕಪ್ಪು ತಗ್ಗುತ್ತದೆ. ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಆಕಾರ ಉಳಿದೀತು, ವೃತ್ತ ಉಳಿಯುವುದಿಲ್ಲ. ಇನ್ನೊಂದು ಕಡೆ ಅದು ಒಪ್ಪುವುದಿಲ್ಲ, ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು. ಚಕ್ರವನ್ನು ನೋಡಿದವನಿಗೆ ಕೆಂಪು, ಕಪ್ಪು ಎರಡೂ ಒಂದೇ ನೋಟದಲ್ಲಿ ಕಾಣುತ್ತವೆ. ಬೋರ್ ಪ್ರಯೋಗಾಲಯದಲ್ಲಿ ಹಾಗೆ ಕಾಣುವುದಿಲ್ಲ ಎಂಬುದೇ ಪಾಠದ ತಿರುಳು. ಅಲ್ಲದೆ ಯಿನ್ ಬೆಳೆದು ಯಾಂಗ್ ಆಗುತ್ತದೆ, ಹಗಲು ಕಳೆದು ಇರುಳಾಗುವ ಹಾಗೆ. ಅಲೆಯ ವಿವರಣೆ ಬೆಳೆದು ಕಣದ ವಿವರಣೆಯಾಗುವುದಿಲ್ಲ. ಅದನ್ನು ನಿರ್ಧರಿಸುವುದು ನಾವು ಹೂಡಿದ ಏರ್ಪಾಟು. ಚಿತ್ರ ಹೇಳಲಾರದೆ ಬಿಟ್ಟ ಈ ಭಾಗವನ್ನು ವಾಕ್ಯ ಹೇಳುತ್ತದೆ.

ಆ ವಾಕ್ಯ 'ಕೊಂತ್ರಾರಿಯಾ ಸುಂತ್ ಕೊಂಪ್ಲೆಮೆಂತಾ'. ಮೂರೇ ಪದ. ವಿರುದ್ಧಗಳು ಪೂರಕಗಳು. ವಿರುದ್ಧಗಳು ಒಂದೇ ಎಂದು ಅದು ಹೇಳುವುದಿಲ್ಲ, ನಡುದಾರಿ ಹಿಡಿ ಎಂದೂ ಹೇಳುವುದಿಲ್ಲ. ವಿರುದ್ಧ ವಿರುದ್ಧವಾಗಿಯೇ ಉಳಿಯುತ್ತದೆ, ಹಾಗಿದ್ದೂ ತುಂಬುತ್ತದೆ. ಲ್ಯಾಟಿನ್ನಿನಲ್ಲಿ ಆ ಕೊನೆಯ ಪದದ ಧಾತುವಿಗೆ 'ಪೂರ್ತಿ ತುಂಬು' ಎಂದೇ ಅರ್ಥ. ನಮ್ಮ 'ಪೂರಕ'ದ ಒಳಗಿರುವುದೂ ಅದೇ ತುಂಬುವ ಕ್ರಿಯೆ. ಇಷ್ಟು ಸರಿಯಾಗಿ ಕೂರುವ ಪದ ಕನ್ನಡದಲ್ಲಿ ಇರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಒಂದು ಎಚ್ಚರ ಬೇಕು. ಪೂರಕ ಪರೀಕ್ಷೆ, ಪೂರಕ ಆಹಾರ, ಪೂರಕ ಬಜೆಟ್ ಎಂದು ದಿನವೂ ಓದುವ ಮಕ್ಕಳಿಗೆ ಪೂರಕ ಎಂದರೆ ಸಾಲದೆ ಬಂದದ್ದಕ್ಕೆ ಮೇಲಿಂದ ಸೇರಿಸಿದ್ದು ಎಂಬ ಅರ್ಥ ಗಟ್ಟಿಯಾಗಿದೆ. ಬೋರ್ ಅರ್ಥಕ್ಕೆ ಹತ್ತಿರದ್ದು ಗಣಿತದ ಪೂರಕ ಕೋನ. ಮೂವತ್ತು ಡಿಗ್ರಿ, ಅರವತ್ತು ಡಿಗ್ರಿ ಕೂಡಿದರೆ ಲಂಬಕೋನ. ಯಾವುದೂ ಇನ್ನೊಂದರ ಬಾಲವಲ್ಲ. ನಿಮ್ಮ ತರಗತಿಯಲ್ಲಿ ಈ ಪದವನ್ನು ಕೋನದಿಂದ ಆರಂಭಿಸಿ.

ಪೂರ್ವದೇಶಗಳ ತತ್ತ್ವಕ್ಕೂ ಬೋರ್‌ಗೂ ನಂಟೇ ಇರಲಿಲ್ಲವೇ? ಇತ್ತು, ಅದರ ಅಳತೆಯನ್ನೂ ಅವರೇ ಹೇಳಿದ್ದಾರೆ. ಚೀನಾದಿಂದ ಮರಳಿದ ಕೆಲವೇ ತಿಂಗಳಿಗೆ, 1937ರ ಅಕ್ಟೋಬರ್‌ನಲ್ಲಿ, ಇಟಲಿಯ ಬೊಲೋನ್ಯಾದಲ್ಲಿ ವಿಜ್ಞಾನಿ ಗಾಲ್ವಾನಿ ಸ್ಮರಣೆಯ ಸಮ್ಮೇಳನ ನಡೆಯಿತು. ಬದುಕೆಂಬ ಆಟದಲ್ಲಿ ನಾವು ಪ್ರೇಕ್ಷಕರೂ ಹೌದು ಪಾತ್ರಧಾರಿಗಳೂ ಹೌದು, ಈ ಎರಡನ್ನೂ ಹೊಂದಿಸುವ ತೊಡಕನ್ನು ಬುದ್ಧ, ಚೀನಾದ ಚಿಂತಕ ಲಾವೋತ್ಸು ಅಂಥವರು ಹಿಂದೆಯೇ ಎದುರಿಸಿದ್ದರು, ಪರಮಾಣು ಸಿದ್ಧಾಂತ ಕಲಿಸಿದ ಪಾಠಕ್ಕೆ ಹೋಲಿಕೆ ಅಲ್ಲಿದೆ ಎಂದು ಬೋರ್ ಆಗ ಹೇಳಿದರು. ಅದರ ಬೆನ್ನಿಗೇ, ಈ ಹೋಲಿಕೆಯನ್ನು ಗುರುತಿಸಿದ ಮಾತ್ರಕ್ಕೆ ವಿಜ್ಞಾನಕ್ಕೆ ಹೊಂದದ ಅನುಭಾವವನ್ನು ಭೌತಶಾಸ್ತ್ರಕ್ಕೆ ತರುತ್ತಿದ್ದೇನೆ ಎಂದಲ್ಲ ಎಂದೂ ಸ್ಪಷ್ಟಪಡಿಸಿದರು. ಸಂದೇಶಗಳಲ್ಲಿ ಮೊದಲ ಮಾತು ಓಡಾಡುತ್ತದೆ, ಎರಡನೆಯದು ಬಿಟ್ಟುಹೋಗುತ್ತದೆ. ನಮ್ಮವರು ಈ ಚಕ್ರದ ಪಕ್ಕಕ್ಕೆ ಅರ್ಧನಾರೀಶ್ವರನನ್ನು ತಂದು ನಿಲ್ಲಿಸಿ 'ನಮ್ಮಲ್ಲಿ ಮೊದಲೇ ಇತ್ತು' ಎನ್ನುವಾಗ ನನಗೆ ನೋವಾಗುತ್ತದೆ. ಅರ್ಧನಾರೀಶ್ವರನ ಕಲ್ಪನೆಗೆ ಅದರದೇ ಆಳವಿದೆ, ಎಲೆಕ್ಟ್ರಾನಿನ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ.

ಅದೇ ಬೊಲೋನ್ಯಾ ಸಮ್ಮೇಳನದಲ್ಲಿ ಇಂಗ್ಲೆಂಡಿನಿಂದ ಅರ್ನೆಸ್ಟ್ ರುದರ್‌ಫೋರ್ಡ್ ತೀರಿಕೊಂಡ ಸುದ್ದಿ ಬಂತು. ಸಭೆಗೆ ಅದನ್ನು ತಿಳಿಸಿದವರು ಬೋರ್. 1912ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರನ್ನು ಮಗನಂತೆ ಕಂಡ ಗುರು ರುದರ್‌ಫೋರ್ಡ್. ಆ ಗುರುವಿಗೂ ಒಂದು ಲಾಂಛನವಿತ್ತು. 1931ರಲ್ಲಿ ಬ್ಯಾರನ್ ಪದವಿ ಬಂದಾಗ ಅವರೂ ಖಾಲಿ ಗುರಾಣಿಯ ಮುಂದೆ ನಿಂತವರೇ. ಅವರು ತುಂಬಿದ ರೀತಿ ನೋಡಿ. ಗುರಾಣಿಯನ್ನು ಎರಡು ಬಾಗುಗೆರೆಗಳು ಕತ್ತರಿಸಿ ನಾಲ್ಕು ಭಾಗ ಮಾಡುತ್ತವೆ. ನೋಡಿದವರು ಅಲಂಕಾರವೆಂದುಕೊಳ್ಳುತ್ತಾರೆ. ಅವು ವಿಕಿರಣಶೀಲತೆಯ ಗ್ರಾಫ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಡರಿಕ್ ಸಾಡಿ ಜೊತೆ ಅವರು ಥೋರಿಯಂನಿಂದ ಒಂದು ವಸ್ತುವನ್ನು ಬೇರ್ಪಡಿಸಿದ್ದರು. ಬೇರ್ಪಟ್ಟ ವಸ್ತುವಿನ ಚಟುವಟಿಕೆ ಸುಮಾರು ನಾಲ್ಕು ದಿನಕ್ಕೆ ಅರ್ಧಕ್ಕಿಳಿಯಿತು. ಅಷ್ಟೇ ದಿನಗಳಲ್ಲಿ ಥೋರಿಯಂ ತಾನು ಕಳೆದುಕೊಂಡದ್ದರ ಅರ್ಧವನ್ನು ಮರಳಿ ಪಡೆಯಿತು. ಇಳಿಯುವ ಗೆರೆ, ಏರುವ ಗೆರೆ ಎರಡೂ ಒಂದನ್ನೊಂದು ದಾಟುವ ಆ ಚಿತ್ರವೇ ಗುರಾಣಿಯಾಯಿತು. ಗುರಾಣಿಯ ಮೇಲ್ಗಡೆ, ಅವರು ಹುಟ್ಟಿದ ನಾಡಾದ ನ್ಯೂಜಿಲೆಂಡಿನ ಕಿವಿ ಹಕ್ಕಿ, ಒಂದು ಪಕ್ಕದಲ್ಲಿ ಮಾವೋರಿ ಯೋಧ, ಇನ್ನೊಂದು ಪಕ್ಕದಲ್ಲಿ ರಸವಿದ್ಯೆಯ ಪುರಾಣಪುರುಷ ಹರ್ಮಿಸ್. ಧಾತುವನ್ನು ಧಾತುವಾಗಿ ಮಾರ್ಪಡಿಸಿದವರಿಗೆ ರಸವಿದ್ಯೆಯ ಒಡೆಯನೇ ಕಾವಲು! ಕೆಳಗೆ ರೋಮಿನ ಕವಿ ಲುಕ್ರೀಷಿಯಸನ ಪದಗಳು, ವಸ್ತುಗಳ ಮೂಲವನ್ನು ಅರಸು ಎಂಬರ್ಥದವು. ಗುರು ತಮ್ಮ ಊರು, ಕೆಲಸ, ಕುಲುಮೆ ಎಲ್ಲವನ್ನೂ ಗುರಾಣಿಯ ಮೇಲೆ ತಂದರು. ಶಿಷ್ಯ ತನ್ನ ಊರನ್ನೂ, ತನ್ನ ಪರಮಾಣುವನ್ನೂ ಬಿಟ್ಟು ಒಂದು ಯೋಚನೆಯನ್ನು ಮಾತ್ರ ಇಟ್ಟರು. ನನ್ನ ಕಣ್ಣಿಗೆ ರುದರ್‌ಫೋರ್ಡ್ ಗುರಾಣಿ ಹೆಚ್ಚು ಜಾಣತನದ್ದು, ಬೋರ್ ಗುರಾಣಿ ಹೆಚ್ಚು ಧೈರ್ಯದ್ದು.

ಆ ಯೋಚನೆ ಅವರಿಗೆ ಪ್ರಯೋಗಾಲಯದ ಸಾಮಾನಾಗಿ ಉಳಿದಿರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರಿಗೆ ಬೋರ್ ಹೇಳಿದ ಒಂದು ಸಂಗತಿ ಇದೆ. ಅವರ ಮಕ್ಕಳಲ್ಲಿ ಒಬ್ಬ ಕ್ಷಮಿಸಲಾಗದ ತಪ್ಪೊಂದನ್ನು ಮಾಡಿದ್ದ. ಶಿಕ್ಷಿಸಬೇಕು, ಆದರೆ ಬೋರ್ ಕೈಯಲ್ಲಿ ಆಗಲಿಲ್ಲ. ಒಬ್ಬ ಮನುಷ್ಯನನ್ನು ಪ್ರೀತಿಯ ಬೆಳಕಿನಲ್ಲೂ ನ್ಯಾಯದ ಬೆಳಕಿನಲ್ಲೂ ಒಟ್ಟಿಗೇ ನೋಡಲು ಬರುವುದಿಲ್ಲ ಎಂದು ಅವರಿಗೆ ಹೊಳೆದದ್ದು ಆಗ. ಪ್ರೀತಿ ಸುಳ್ಳಲ್ಲ, ನ್ಯಾಯವೂ ಸುಳ್ಳಲ್ಲ. ಒಂದನ್ನು ಹಚ್ಚಿದಾಗ ಇನ್ನೊಂದು ಆರುತ್ತದೆ. ಶಿಕ್ಷಕರಾದ ನಿಮಗೆ, ಉತ್ತರಪತ್ರಿಕೆ ತಿದ್ದುವ ಮೇಜಿನ ಮುಂದೆ ಕುಳಿತಾಗ, ಇದು ನನಗಿಂತ ಚೆನ್ನಾಗಿ ಅರ್ಥವಾದೀತು.

ಗೋಡೆಯ ಕೆಲಸಕ್ಕೆ ಬರೋಣ. ಗುರಾಣಿಯ ಬಯಲನ್ನು ಬಿಳಿಯಾಗಿಯೇ ಬಿಡಿಸಿ, ಬೆಳ್ಳಿಯ ಬದಲು ಬಿಳಿ ಬಳಸುವುದು ಲಾಂಛನಗಳಲ್ಲಿ ರೂಢಿ. ಚಕ್ರಕ್ಕೆ ಕೆಂಪು ಮತ್ತು ಕಪ್ಪು. ಅಂಗಡಿಯ ಸ್ಟಿಕ್ಕರುಗಳನ್ನು ನೋಡಿ ಕಪ್ಪು–ಬಿಳುಪು ಮಾಡಿಸಬೇಡಿ, ಹಾಗೆ ಮಾಡಿದರೆ ಅದು ಬೋರ್ ಅವರದಾಗುವುದಿಲ್ಲ. ಯಾವ ಬಣ್ಣ ಯಾವ ಕಡೆ ಎಂಬುದನ್ನು ಫ್ರೆಡರಿಕ್ಸ್‌ಬೋರ್ಗ್ ಫಲಕದ ಫೋಟೋ ಮುಂದಿಟ್ಟುಕೊಂಡು ನಕಲು ಮಾಡಿಸಿ. ಆನೆಗಳ ಹಾರವನ್ನು ಮಕ್ಕಳು ಖುಷಿಯಿಂದ ಬರೆಯುತ್ತಾರೆ, ಬರೆಯಲಿ. ವಾಕ್ಯವನ್ನು ಲ್ಯಾಟಿನ್ ಉಚ್ಚಾರದಲ್ಲಿ ಕನ್ನಡ ಲಿಪಿಯಲ್ಲಿ ಬರೆಸಿ, ಅದರಡಿಯಲ್ಲಿ 'ವಿರುದ್ಧಗಳು ಪರಸ್ಪರ ಪೂರಕ' ಎಂದು ಹಾಕಿಸಿ. ಕೆಳಗಿನ ವಿವರಣೆ ನಾಲ್ಕೈದು ಸಾಲು ಮೀರದಿರಲಿ: 1927 ವಿಚಾರ, 1937 ಚೀನಾ ಪ್ರಯಾಣ, 1947 ಲಾಂಛನ, ಮತ್ತು ಬೋರ್ ಅವರ ಹೆಸರು. ಜಾಗ ಉಳಿದರೆ ಪಕ್ಕದಲ್ಲಿ ಎರಡು ಸೀಳಿನ ಪರದೆಯನ್ನು ಬರೆಸಿ, ಒಂದು ಬದಿಯಲ್ಲಿ ದಾರಿ ತಿಳಿಸುವ ಪತ್ತೆಸಾಧನ, ಇನ್ನೊಂದು ಬದಿಯಲ್ಲಿ ಪಟ್ಟಿಗಳು. ಚಕ್ರದಲ್ಲಿ ಎರಡೂ ಒಟ್ಟಿಗೆ ಕಾಣುತ್ತವಲ್ಲ, ಪ್ರಯೋಗದಲ್ಲಿ ದಾರಿ, ಪಟ್ಟಿ ಎರಡೂ ಯಾಕೆ ಒಟ್ಟಿಗೆ ಕಾಣುವುದಿಲ್ಲ ಎಂದು ಯಾವುದಾದರೂ ಮಗು ಕೇಳಿದರೆ, ಆ ದಿನದ ಪಾಠವನ್ನು ಪಕ್ಕಕ್ಕಿಟ್ಟು ಅದಕ್ಕೆ ಉತ್ತರ ಹೇಳಿ.